ಪೈಪಿನ ಅಡಿಹೊಟ್ಟೆಯ ಸೂಟಿ

ನೆಲದಲ್ಲಿ ಹೂಳುವ ಕಬ್ಬಿಣದ ಪೈಪಿಗೆ ಡಾಂಬರು ಬಳಿಯುವಾಗ ಎಲ್ಲಾದರೂ ಕೈತಪ್ಪಿ ಸೂಜಿಮೊನೆಯಷ್ಟು ಜಾಗ ಬತ್ತಲೆ ಉಳಿದರೆ, ಅದಕ್ಕೆ ನಮ್ಮ ಕಸುಬಿನ ಇಂಗ್ಲಿಷಿನಲ್ಲಿ ‘ಹಾಲಿಡೇ’ ಎನ್ನುತ್ತಾರೆ. ಬಳಿಯುವವನು ಆ ಜಾಗಕ್ಕೆ ಬಂದಾಗ ರಜೆ ಹಾಕಿದ್ದ ಎಂಬ ಕುಹಕವಿರಬೇಕು. ಯಾವ ಪುಣ್ಯಾತ್ಮ ಈ ಹೆಸರಿಟ್ಟನೋ ಗೊತ್ತಿಲ್ಲ. ನಾನು ಬದುಕಿನಲ್ಲಿ ಮಾಡಿದ ಒಂದು ದೊಡ್ಡ ತಪ್ಪು ಈ ಪದಕ್ಕೆ ಅಂಟಿಕೊಂಡಿದೆ. ಇಂದಿಗೂ ಮನೆಯಲ್ಲಿ ಮಕ್ಕಳು ಹಾಲಿಡೇ ಎಂದರೆ ನನಗೆ ಮೊದಲು ಡಾಂಬರಿನ ವಾಸನೆ ಬರುತ್ತದೆ.

ಐವತ್ತರ ದಶಕದ ನಡುವಿನ ಮಾತು. ಧಾರವಾಡ ಆಗ ಮುಂಬಯಿ ರಾಜ್ಯದಲ್ಲೇ ಇತ್ತು. ಇಂಟರ್ ಸೈನ್ಸ್ ಮುಗಿಸಿ, ಮುಂದೆ ಓದಲಾಗದೆ, ಚೆಂಬೂರಿನಲ್ಲಿದ್ದ ಸೋದರಮಾವನ ಮನೆಗೆ ಬಂದಿದ್ದೆ. ಟ್ರಾಂಬೆಯ ಕಡೆ ಎಣ್ಣೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಲ್ಲಿಂದ ಹೊರಟು ಗುಡ್ಡದ ಬುಡ ಹಿಡಿದು ಉಪ್ಪಿನ ಗದ್ದೆಗಳ ಅಂಚಿಗೆ ಸಾಗುವ ಒಂದು ಪೈಪ್‌ಲೈನಿನ ಗುತ್ತಿಗೆದಾರರ ಬಳಿ ನನಗೆ ಕೆಲಸ ಸಿಕ್ಕಿತು. ಕೆಲಸವೆಂದರೆ ಒಂದು ಪೆಟ್ಟಿಗೆ ಹೊರುವುದು. ಬೆನ್ನಿಗೆ ಬ್ಯಾಟರಿಯ ಪೆಟ್ಟಿಗೆ, ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಪೈಪನ್ನು ಬಳಸಿಕೊಂಡು ಉರುಳುವ ಸ್ಪ್ರಿಂಗಿನ ಬಳೆ. ಡಾಂಬರು ಗಟ್ಟಿಯಾಗಿದ್ದ ಕಡೆ ಬಳೆ ಸುಮ್ಮನೆ ಉರುಳುತ್ತಿತ್ತು. ತೂತಿದ್ದ ಕಡೆ ಚಟ್ಟೆಂದು ನೀಲಿ ಕಿಡಿ ಹಾರಿ ಪೆಟ್ಟಿಗೆಯೊಳಗೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗಬೇಕು. ಪೆಟ್ಟಿಗೆಯಿಂದ ಒಂದು ತಂತಿ ನನ್ನ ಹಿಂದೆ ಮಣ್ಣಿನಲ್ಲಿ ಎಳೆದುಕೊಂಡು ಬರುತ್ತಿತ್ತು. ಅದಿಲ್ಲದಿದ್ದರೆ ಕಿಡಿ ಹಾರುವುದಿಲ್ಲ. ಆ ತಂತಿಯಿಂದಾಗಿ ಇಡೀ ಗ್ಯಾಂಗಿನಲ್ಲಿ ನಾನು ಬಾಲದ ಮಾಸ್ತರನಾದೆ.

ಮೊದಲ ದಿನ ಗಂಟೆ ಹೊಡೆದಾಗ ನಾನು ಉತ್ಸಾಹದಿಂದ “ಹಾಲಿಡೇ! ಹಾಲಿಡೇ!” ಎಂದು ಕೂಗಿದೆ. ಕಾಲುವೆ ಅಗೆಯುತ್ತಿದ್ದ ಮರಾಠಿ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ‘ಸುಟ್ಟಿ, ಸುಟ್ಟಿ’ ಎನ್ನುತ್ತ ಗುದ್ದಲಿ ಎಸೆದು ತಲೆಯ ಮುಂಡಾಸು ಬಿಚ್ಚಿಕೊಂಡು ನೆರಳಿಗೆ ಹೋಗಿ ಕೂತರು. ಅವರನ್ನು ಮತ್ತೆ ಎಬ್ಬಿಸಲು ಎಂಜಿನಿಯರ್ ಸಾಹೇಬರೇ ಬರಬೇಕಾಯಿತು. ಅಂದಿನಿಂದ ಪೈಪಿನ ತೂತಿಗೆ ನಮ್ಮಲ್ಲಿ ಸೂಟಿ ಎಂದೇ ಹೆಸರಾಯಿತು. ನಮ್ಮ ಧಾರವಾಡದಲ್ಲೂ ರಜೆಗೆ ಸೂಟಿಯೆಂದೇ ಅನ್ನುವುದು, ಹಾಗಾಗಿ ನನಗೆ ಅದು ಬಾಯಿಗೆ ಸರಿಯಾಗಿ ಕೂತಿತು.

ಅಂದು ಇಡೀ ಗ್ಯಾಂಗು ನಕ್ಕಿತು, ನಗದೆ ಇದ್ದವರು ಒಬ್ಬರೇ. ಅವರು ಡಾಂಬರಿನ ಕಡಾಯಿಯ ಹತ್ತಿರ ನಿಂತು ನನ್ನನ್ನು ನೋಡುತ್ತಿದ್ದರು. ಉಡುಪಿ ಕಡೆಯವರು, ಐವತ್ತು ದಾಟಿದ ವಯಸ್ಸು, ಮೊಣಕೈಯವರೆಗೆ ಸುಟ್ಟ ಕಲೆಗಳು. ಇಪ್ಪತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತವರು. ಒಂದು ಹೋಟೆಲು ಮುಚ್ಚಿದಾಗ ಯಾರೋ ಇಲ್ಲಿಗೆ ಕರೆತಂದಿದ್ದರು. ಬಿಸಿಗೆ ಹೆದರದ ಕೈ ಎಂಬುದೊಂದೇ ಅವರ ಅರ್ಹತೆ. ಆದರೆ ಮೂರೇ ತಿಂಗಳಲ್ಲಿ ಪೈಪು ಪೈಪು ಕೂಡುವ ಜಾಯಿಂಟುಗಳಿಗೆ ಡಾಂಬರಿನ ಕೋಟು ಹಾಕುವ ಮಿಸ್ತ್ರಿಯಾಗಿದ್ದರು. ಉಳಿದ ಪೈಪಿಗೆ ಗುತ್ತಿಗೆದಾರರ ಅಂಗಳದಲ್ಲಿ ಬೇರೆಯವರು ಮೊದಲೇ ಬಳಿದು ತರುತ್ತಿದ್ದರು. ಬೆಸುಗೆ ಹಾಕಿದ ಜಾಯಿಂಟುಗಳನ್ನು ಮಾತ್ರ ಜಾಗದಲ್ಲೇ, ಗ್ಯಾಂಗಿನವರು ಪೈಪನ್ನು ಸರಪಳಿಯಲ್ಲಿ ನೆಲದಿಂದ ಎತ್ತಿ ಹಿಡಿದಾಗ, ಕೈಯಿಂದ ಮುಚ್ಚಬೇಕಿತ್ತು.

ಅವರ ಕೆಲಸ ನೋಡುವುದೇ ಒಂದು ಸೊಗಸು. ಡಾಂಬರು ಹೆಚ್ಚು ಕಾದರೆ ಆಮೇಲೆ ಬಿರುಕು ಬಿಡುತ್ತದೆ, ಕಡಿಮೆ ಕಾದರೆ ಕಬ್ಬಿಣಕ್ಕೆ ಅಂಟುವುದಿಲ್ಲ. ಅದಕ್ಕೆಂದು ಕೊಟ್ಟಿದ್ದ ಥರ್ಮಾಮೀಟರು ಮೊದಲ ವಾರವೇ ಒಡೆದಿತ್ತು. ಅವರು ಉದ್ದ ಹಿಡಿಯ ಹುಟ್ಟಿನಿಂದ ಒಂದು ಹನಿ ಎತ್ತಿ ಇಳಿಬಿಟ್ಟು ಎಳೆ ನೋಡುತ್ತಿದ್ದರು, ಲಾಡುವಿನ ಪಾಕ ನೋಡುವ ಹಾಗೆ. “ಒಂದೆಳೆ ಬಂತು, ಹೊಯ್ಯಿ” ಎಂದರೆ ಸಹಾಯಕ ಮೇಲಿನಿಂದ ಡಾಂಬರು ಹೊಯ್ಯುವನು. ಇವರು ಒಂದು ದಪ್ಪ ಕ್ಯಾನ್ವಾಸಿನ ಪಟ್ಟಿಯನ್ನು ಪೈಪಿನ ಕೆಳಗಿನಿಂದ ತೂರಿಸಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಬೆನ್ನು ಉಜ್ಜಿಕೊಂಡಂತೆ ಆಚೆ ಈಚೆ ಎಳೆಯುವರು. ಹರಿದು ಬಂದ ಡಾಂಬರು ಪೈಪಿನ ಅಡಿಹೊಟ್ಟೆಗೆ ಹತ್ತಿಕೊಳ್ಳುತ್ತಿತ್ತು. ಮೇಲೆ ಗಾಜಿನ ನಾರಿನ ಪಟ್ಟಿ ಸುತ್ತಿ, ಇನ್ನೊಂದು ಸಲ ಹೊಯ್ದು, ಕೊನೆಗೆ ಸಣ್ಣ ಬಿಸಿಯಿರುವಾಗಲೇ ಅಂಗೈಯಲ್ಲಿ ಒಮ್ಮೆ ಸವರಿ ಬಿಡುವರು. ಆ ಸವರುವುದು ಯಾವ ನಿಯಮದಲ್ಲೂ ಇರಲಿಲ್ಲ.

ನಾನು ಅವರನ್ನು ಕಾಕಾ ಎಂದು ಕರೆದೆ. ನಮ್ಮ ಕಡೆ ಹಿರಿಯರನ್ನು ಹಾಗೆಯೇ ಕರೆಯುವುದು.

“ಎಂತ ಮಾಷ್ಟ್ರೆ, ಕಾ ಕಾ ಅಂತ ಕರೆದ್ರೆ ಕಾಗೆ ಬಂದೀತು. ನಾನಿನ್ನೂ ಸತ್ತಿಲ್ಲ ಮಾರಾಯ್ರೆ” ಎಂದರು. ಆದರೂ ಕರೆದಾಗಲೆಲ್ಲ ಓಗೊಟ್ಟರು. ಅವರ ಊರು ಆಗ ಮದ್ರಾಸಿಗೆ ಸೇರಿತ್ತು, ನನ್ನದು ಮುಂಬಯಿಗೆ. ಇಬ್ಬರೂ ಬೇರೆ ಬೇರೆ ಸರಕಾರದ ಪ್ರಜೆಗಳಾಗಿ ಒಂದೇ ಪೈಪಿನ ಮೇಲೆ ಕೂತು ಕನ್ನಡ ಮಾತಾಡುತ್ತಿದ್ದೆವು. ಅವರ ಕನ್ನಡ ನನಗೆ ಪುಸ್ತಕ ಓದಿದಂತೆ ಕೇಳುತ್ತಿತ್ತು, ನನ್ನ ಕನ್ನಡ ಅವರಿಗೆ ಜಗಳವಾಡಿದಂತೆ.

ಒಂದು ದಿನ ಮಧ್ಯಾಹ್ನ ಊರಿಗೆ ಬರೆದ ಕಾರ್ಡನ್ನು ತಂದು, ವಿಳಾಸ ಇಂಗ್ಲಿಷಿನಲ್ಲಿ ಬರೆದುಕೊಡಲು ಕೇಳಿದರು. ಬರೆದೆ. ಕಳಿಸುವವರ ಹೆಸರು ಬರೆಯುವಾಗ ನನ್ನ ಕೈ ತಡೆದರು.

“ಅದರ ಮುಂದೆ ಮಿಸ್ತ್ರಿ ಅಂತ ಹಾಕಿ ಮಾಷ್ಟ್ರೆ.”

“ಕಾರ್ಡಿನ್ಯಾಗ ಅದೆಲ್ಲಾ ಯಾಕ್ರಿ ಕಾಕಾ?”

“ಹೋಟ್ಲಲ್ಲಿ ಇಪ್ಪತ್ತು ವರ್ಷ ನನ್ನನ್ನು ಏ ಅಂತ ಕರ್ದದ್ದು. ಹೆಂಡತಿಗೆ ಗೊತ್ತಾಗ್ಲಿ, ಈಗ ಹಾಗೆ ಕರೆಯುದಿಲ್ಲ ಅಂತ.”

ನಾನು ನಕ್ಕು ಬರೆದುಕೊಟ್ಟೆ. ಆ ಪದ ಅವರಿಗೆ ಏನಾಗಿತ್ತು ಎಂಬುದು ಅಂದು ನನಗೆ ಪೂರ್ತಿ ಹೊಳೆಯಲಿಲ್ಲ. ಇಪ್ಪತ್ತೊಂದು ವರ್ಷದ ನನಗೆ ನನ್ನ ಪೆಟ್ಟಿಗೆಯ ಬಿಂಕವೇ ಸಾಕಷ್ಟಿತ್ತು. ಇನ್ನೊಂದು ಚಟವೂ ಇತ್ತು, ಹೇಳಿಬಿಡುತ್ತೇನೆ. ನಾನು ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದೆ. ಅತ್ತೆ ಒಗೆದು ಕೊಡುತ್ತಿದ್ದಳು, ಡಾಂಬರು ತಾಗಿದರೆ ಬೈಯುತ್ತಿದ್ದಳು. ಅದಕ್ಕೇ ಆ ಇಡೀ ಲೈನಿನಲ್ಲಿ ನಾನು ಪೈಪನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಮುಟ್ಟುವ ಅಗತ್ಯವೂ ಇಲ್ಲ, ಪೆಟ್ಟಿಗೆ ಇದೆಯಲ್ಲ ಎಂದುಕೊಂಡಿದ್ದೆ.

ಕಬ್ಬಿಣ ಒದ್ದೆ ಮಣ್ಣಿನಲ್ಲಿ ಸುಮ್ಮನೆ ಮಲಗುವುದಿಲ್ಲ. ಅದರ ಮೈಯಿಂದ ಮಣ್ಣಿಗೆ ಸಣ್ಣದೊಂದು ಕರೆಂಟು ಹರಿಯುತ್ತದೆ, ಹರಿಯುವಾಗ ಕಬ್ಬಿಣವನ್ನು ಚೂರುಚೂರೇ ಒಯ್ಯುತ್ತದೆ. ಬತ್ತಲೆ ಪೈಪಾದರೆ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಚೆನ್ನಾಗಿ ಬಳಿದ ಪೈಪಿನಲ್ಲಿ ಒಂದೇ ಒಂದು ಸೂಟಿ ಉಳಿದರೆ ತಿನ್ನುವುದನ್ನೆಲ್ಲ ಅಲ್ಲೇ ತಿಂದು ತೂತು ಕೊರೆಯುತ್ತದೆ. ಹಾಗಾಗಿ ಒಳ್ಳೆಯ ಕೋಟಿನಲ್ಲಿ ಉಳಿದ ಒಂದು ತೂತು ಕೆಟ್ಟ ಕೋಟಿಗಿಂತ ಅಪಾಯ ಎಂದು ಸಾಹೇಬರು ನನಗೆ ದಿನಾ ಹೇಳುತ್ತಿದ್ದರು. ಈ ಮಾತನ್ನು ನಾನು ತಲೆಯಲ್ಲಿಟ್ಟುಕೊಂಡು ಬಹಳ ಗಂಭೀರವಾಗಿ ಓಡಾಡುತ್ತಿದ್ದೆ.

ಲೈನು ಗುಡ್ಡದ ಬುಡಕ್ಕೆ ಬಂದ ಮೇಲೆ ಜಾಯಿಂಟುಗಳಲ್ಲೂ ಗಂಟೆ ಹೊಡೆಯತೊಡಗಿತು. ಮೊದಲ ದಿನ ಒಂದು ಜಾಯಿಂಟಿನಲ್ಲಿ, ಮರುದಿನ ಮೂರರಲ್ಲಿ. ಎಲ್ಲವೂ ಅಡಿಹೊಟ್ಟೆಯಲ್ಲಿ. ಎಲ್ಲವೂ ಕಾಕಾ ಹಾಕಿದ ಕೋಟುಗಳಲ್ಲಿ. ಬೇರೆ ಯಾರೂ ಜಾಯಿಂಟು ಮಾಡುತ್ತಿರಲಿಲ್ಲ ಎಂಬುದನ್ನು ಈಗ ಸೇರಿಸಬೇಕು, ಅಂದು ಸೇರಿಸಲಿಲ್ಲ.

ಅವರು ಸಂಜೆ ಹಾಕಿದ ಕೋಟನ್ನು ನಾನು ಮರುದಿನ ಬೆಳಿಗ್ಗೆ ಪರೀಕ್ಷಿಸುತ್ತಿದ್ದೆ. ಅಷ್ಟರಲ್ಲಿ ಅವರ ಕಡಾಯಿ ಮುಂದಿನ ಜಾಯಿಂಟುಗಳ ಕಡೆ ಹೋಗಿರುತ್ತಿತ್ತು. ಕಾದ ಡಾಂಬರನ್ನು ಬಿಟ್ಟು ಹಿಂದೆ ಬರುವಂತಿರಲಿಲ್ಲ. ನಾನು ವೃತ್ತ ಬರೆದ ಜಾಗಕ್ಕೆ ಸಹಾಯಕನೊಬ್ಬ ಬ್ರಷ್ಷಿನಿಂದ ಮೇಲುಮೇಲಕ್ಕೆ ಡಾಂಬರು ಮೆತ್ತಿ ಹೋಗುತ್ತಿದ್ದ. ನಾನು ಮುಂದೆ ನಡೆದು ಕಾಕಾಗೆ ವರದಿ ಒಪ್ಪಿಸುತ್ತಿದ್ದೆ.

“ಇವತ್ತೂ ಎರಡು ಸೂಟಿ ಬಿದ್ದಾವ ನೋಡ್ರಿ, ಅಡಿಗೆ.”

ಅವರು ಹುಟ್ಟು ಹಿಡಿದು ಹಾಗೇ ನಿಂತರು.

“ಹೇಗೆ ಮಾಷ್ಟ್ರೆ? ಸರಿ ಎಳೆದಿದ್ದೇನಲ್ಲ.”

ಮಾರನೆಯ ದಿನ ಮನೆಯಿಂದ ತಮ್ಮ ಕ್ಷೌರದ ಕನ್ನಡಿ ತಂದರು. ತಗಡಿನ ಚೌಕಟ್ಟಿನ, ಅಂಗೈಯಗಲದ ಕನ್ನಡಿ. ಒಂದೊಂದು ಜಾಯಿಂಟು ಮುಗಿಸಿದ ಮೇಲೆ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಪೈಪಿನ ಅಡಿಗೆ ಕನ್ನಡಿ ಹಿಡಿದು, ತಲೆ ಓರೆಮಾಡಿ ನೋಡುವರು. ಡಾಂಬರಿನ ಹೊಗೆಗೆ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಂಡು ಮತ್ತೆ ನೋಡುವರು. ಬೆಳಿಗ್ಗೆ ನನ್ನ ಗಂಟೆ ಮತ್ತೆ ಹೊಡೆಯುವುದು.

“ನಿನ್ನೆ ಸಂಜೆ ನಾನೇ ಕನ್ನಡಿಯಲ್ಲಿ ನೋಡಿದ್ದು. ಅಡಿ ಪೂರಾ ಕಪ್ಪಿತ್ತು. ಬೇಕಾದ್ರೆ ಆಣೆ ಹಾಕ್ತೇನೆ.”

“ಪೆಟ್ಟಿಗಿ ಸುಳ್ಳ ಹೇಳಂಗಿಲ್ಲರಿ ಕಾಕಾ.”

“ಪೆಟ್ಟಿಗೆ ಸುಳ್ಳು ಅಂತ ಹೇಳ್ಲಿಲ್ಲ ನಾನು. ಒಂದ್ಸರ್ತಿ ನೀವು ತೂತಿಗೆ ಕೈ ಹಾಕಿ ನೋಡಿ, ಓಟೆ ಹೇಗುಂಟು ಅಂತ. ಬೆರಳಿಗೆ ಗೊತ್ತಾಗ್ತದೆ. ನನಗೆ ಕಡಾಯಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಲ್ವಾ.”

ನಾನು ಆಗಲಿ ಎಂದೆ. ಮರುದಿನ ಗಂಟೆ ಹೊಡೆದಾಗ ಬಗ್ಗಿಯೂ ನೋಡಿದೆ. ಅಡಿ ಕತ್ತಲೆ, ಜಿಗುಟು, ಕೆಳಗೆ ಚೂಪು ಕಲ್ಲಿನ ಕೆಂಪು ಗರಸು ಮಣ್ಣು. ಕೈ ಹಾಕಲು ಅಂಗೈ ಊರಿ ಮಲಗಬೇಕು. ಅಂಗಿ ನೆನಪಾಯಿತು. ವೃತ್ತ ಬರೆದು ಎದ್ದೆ. ಕಾಕಾ ಕೇಳಿದಾಗ ‘ಹಾಕಿದ್ದೆ, ತೂತಿನಂಗ ಇತ್ತು’ ಎಂದೆ. ಸುಳ್ಳು ಹೇಳಿದವನು ಪೆಟ್ಟಿಗೆಯಲ್ಲ, ನಾನು.

ಅವರು ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ಆದರೆ ಕನ್ನಡಿಯನ್ನು ಇನ್ನೂ ಹತ್ತಿರ ಹಿಡಿಯತೊಡಗಿದರು. ಒಂದೇ ಜಾಗವನ್ನು ನಾಲ್ಕು ಸಲ, ಐದು ಸಲ ನೋಡುವರು. ನಡುವೆ ಕಣ್ಣು ಮುಚ್ಚಿ ಬೆರಳಿನಿಂದ ತಡವುವರು. ಅದನ್ನು ಕಂಡು ನನಗೆ ದೊಡ್ಡ ಸತ್ಯವೊಂದು ಹೊಳೆದಂತಾಯಿತು: ಮುದುಕರಿಗೆ ಕಣ್ಣು ಸಾಲದು. ಇಪ್ಪತ್ತು ವರ್ಷ ಹೋಟೆಲಿನ ಹೊಗೆ, ಈಗ ಡಾಂಬರಿನ ಹೊಗೆ. ಕನ್ನಡಿ ತಂದದ್ದೂ ಅದಕ್ಕೇ. ನನ್ನ ಮನಸ್ಸಿನ ಪ್ರಶ್ನೆಗಳಿಗೆಲ್ಲ ಈ ಉತ್ತರ ಅಚ್ಚುಕಟ್ಟಾಗಿ ಹೊಂದಿಕೊಂಡಿತು.

ವಾರದ ಕೊನೆಗೆ ಸಾಹೇಬರು ನನ್ನ ಪುಸ್ತಕ ತಿರುವಿ, ಇಷ್ಟೊಂದು ಹಾಲಿಡೇ ಯಾಕೆ ಎಂದು ಮುಂಬಯಿ ಹಿಂದಿಯಲ್ಲಿ ಕೇಳಿದರು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಕಲಿತವನಲ್ಲವೇ, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. “ಮಿಸ್ತ್ರಿಗೆ ಕಣ್ಣು ಕಾಣುವುದಿಲ್ಲ ಸಾಹೇಬ್” ಎಂದುಬಿಟ್ಟೆ. ಅವರು ಅದನ್ನೇ ಪುಸ್ತಕದಲ್ಲಿ ಬರೆಯಲು ಹೇಳಿದರು. ಬರೆದೆ. ಕೆಳಗೆ ಸಹಿಯನ್ನೂ ಹಾಕಿದೆ.

ಸೋಮವಾರ ಕಾಕಾರನ್ನು ತೆಗೆದುಹಾಕಿದರು. ಯಾರೂ ಕೂಗಾಡಲಿಲ್ಲ. ಸಾಹೇಬರು ಕರೆದು, ವಯಸ್ಸಾಗಿದೆ, ಕಣ್ಣು ಸಾಲದು, ಸುಟ್ಟುಕೊಂಡರೆ ಕಷ್ಟ ಎಂದು ಮರ್ಯಾದೆಯಿಂದಲೇ ಹೇಳಿದರಂತೆ. ಕಾಕಾ ಕ್ಯಾನ್ವಾಸಿನ ಪಟ್ಟಿಯನ್ನು ಮಡಚಿ ಕಡಾಯಿಯ ಹಿಡಿಗೆ ಸಿಕ್ಕಿಸಿ, ನನ್ನ ಹತ್ತಿರ ಬಂದರು. ನನಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ನೀವು ಹೇಳಿದ್ದು ಸರಿ ಉಂಟು ಮಾಷ್ಟ್ರೆ” ಎಂದರು. “ನನಗೇ ಅಂದಾಜಾಗ್ಲಿಲ್ಲ. ಕಾಣ್ತದೆ ಅಂತ ಗ್ರಹಿಸಿದ್ದೆ. ಕಾಣುದು ಬೇರೆ, ಇರುದು ಬೇರೆ ಅಂತ ಆಯ್ತಲ್ಲ. ಯಾರಿಗಾದ್ರೂ ಬಿಸಿ ಡಾಂಬರು ಹೊಯ್ದುಬಿಟ್ಟಿದ್ರೆ?”

ಆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು.

“ಹೊಸ ಮಿಸ್ತ್ರಿಗೆ ಬೇಕಾದೀತು. ನನಗಿನ್ನು ಎಂತಕ್ಕೆ?”

ಗುಡ್ಡದ ಬದಿಯ ಕಾಲುದಾರಿಯಲ್ಲಿ ಅವರು ಇಳಿದು ಹೋದರು. ದಿನಾ ಓಡಾಡಿದ ದಾರಿ ಅದು. ಅಂದು ಮಾತ್ರ ಪ್ರತಿ ಹೆಜ್ಜೆಯನ್ನೂ ಪಾದದಿಂದ ತಡವಿ ಇಡುತ್ತಿದ್ದರು. ನೋಡಿ, ನಾನು ಹೇಳಿದ್ದು ಸರಿಯಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೊಸ ಮಿಸ್ತ್ರಿ ಬಂದ ವಾರದಲ್ಲೇ ಲೈನು ಗುಡ್ಡ ಬಿಟ್ಟು ಉಪ್ಪಿನ ಗದ್ದೆಗಳ ಕೆಸರಿಗೆ ಇಳಿಯಿತು. ಗಂಟೆ ನಿಂತಿತು. ದಿನಕ್ಕೆ ಒಂದು ಸೂಟಿಯೂ ಇಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ಕನ್ನಡಿಯನ್ನು ನಾನು ಹೊಸಬನಿಗೆ ಕೊಡಲಿಲ್ಲ, ಕೊಡುವ ಅಗತ್ಯ ಬೀಳಲಿಲ್ಲ. ಅದು ನನ್ನ ಟ್ರಂಕಿನ ತಳಕ್ಕೆ ಹೋಯಿತು.

ಮೂರು ವರ್ಷ ಕಳೆಯಿತು. ಆ ನಡುವೆ ರಾಜ್ಯಗಳು ಅದಲುಬದಲಾಗಿ ಅವರ ಊರೂ ನನ್ನ ಊರೂ ಒಂದೇ ಮೈಸೂರು ರಾಜ್ಯಕ್ಕೆ ಸೇರಿದವು. ಪೇಪರಿನಲ್ಲಿ ಓದಿದ ದಿನ ಕಾಕಾ ನೆನಪಾದರು. ಎಲ್ಲಿದ್ದಾರೆಂದು ವಿಚಾರಿಸಬೇಕು ಎಂದುಕೊಂಡೆ, ವಿಚಾರಿಸಲಿಲ್ಲ.

ಅಷ್ಟು ಹೊತ್ತಿಗೆ ನಾನು ಹೂತ ಪೈಪುಗಳನ್ನು ಮೇಲಿನಿಂದಲೇ ಪರೀಕ್ಷಿಸುವ ಕೆಲಸ ಕಲಿತಿದ್ದೆ. ಒಂದು ಬಟ್ಟಲಿನಲ್ಲಿ ಮೈಲುತುತ್ತದ ನೀರು, ಅದರಲ್ಲಿ ತಾಮ್ರದ ಕಡ್ಡಿ. ಬಟ್ಟಲಿನ ತಳವನ್ನು ಒದ್ದೆ ಮಣ್ಣಿನ ಮೇಲಿಟ್ಟು, ಪೈಪಿಗೂ ಬಟ್ಟಲಿಗೂ ನಡುವೆ ಮೀಟರು ಕಟ್ಟಿದರೆ, ಎಲ್ಲಿ ಕಬ್ಬಿಣ ಸವೆಯುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಹಾಗೆ ಸವೆಯುವ ಕಡೆ ಮೆಗ್ನೀಸಿಯಂ ಲೋಹದ ದಿಂಡನ್ನು ಹೂತು ಪೈಪಿಗೆ ತಂತಿ ಕಟ್ಟುತ್ತಿದ್ದೆವು. ಆಮೇಲೆ ಪೈಪಿನ ಬದಲು ಆ ದಿಂಡು ಕರಗುತ್ತದೆ. ಅದು ಪೂರ್ತಿ ಕರಗಿದ ಮೇಲೆ ಯಾರೂ ಅದನ್ನು ಹುಡುಕುವುದಿಲ್ಲ.

ನಮ್ಮದೇ ಹಳೆಯ ಲೈನಿನ ಮೇಲೆ ನಡೆಯುತ್ತ ಗುಡ್ಡದ ಬುಡಕ್ಕೆ ಬಂದಾಗ ಮುಳ್ಳು ಜಗ್ಗಿತು. ಎರಡು ಹೆಜ್ಜೆ ಆಚೆಗಿಟ್ಟರೆ ಸರಿ, ಅದೇ ಜಾಗಕ್ಕೆ ಬಂದರೆ ಮತ್ತೆ ಜಗ್ಗುತ್ತದೆ. ಮರುದಿನ ಅಗೆಸಿದೆವು. ಸಿಕ್ಕಿದ್ದು ಕಾಕಾ ಮಾಡಿದ ಜಾಯಿಂಟು, ಹಳೆಯ ಪುಸ್ತಕದ ಪ್ರಕಾರ ನಾನು ಸುಣ್ಣದ ವೃತ್ತ ಬರೆದಿದ್ದರಲ್ಲೊಂದು. ನೋಡಿ, ಆ ಮುದುಕರ ಸೂಟಿ ಎಂದು ಮನಸ್ಸಿನಲ್ಲಿ ಒಂದು ಕಹಿ ಹೆಮ್ಮೆ ಎದ್ದದ್ದು ನಿಜ.

ಈಗ ಪರೀಕ್ಷಿಸಿ ಬರೆಯಬೇಕಾದವನು ನಾನೇ. ಗುಂಡಿಗೆ ಇಳಿದು ಗರಸಿನ ಮೇಲೆ ಮಲಗಿದೆ. ಅಡಿ ಕಾಣುವುದಿಲ್ಲವೆಂದು ತಿಳಿದಿದ್ದರಿಂದ ಬೆಳಿಗ್ಗೆ ಟ್ರಂಕಿನ ತಳದಿಂದ ಆ ಕನ್ನಡಿಯನ್ನು ತೆಗೆದು ತಂದಿದ್ದೆ. ಒಂದು ಕೈಯಲ್ಲಿ ಕನ್ನಡಿ ಹಿಡಿದು ಇನ್ನೊಂದು ಕೈ ಅಡಿಗೆ ಹಾಕಿದೆ. ಆ ಲೈನಿನ ಅಡಿಹೊಟ್ಟೆಯನ್ನು ನಾನು ಮುಟ್ಟಿದ್ದು ಅದೇ ಮೊದಲು.

ಬ್ರಷ್ಷಿನಿಂದ ಮೆತ್ತಿದ ತೇಪೆ ಬೆರಳಿಗೆ ಸಿಕ್ಕಿತು. ಅದರ ಅಂಚು ಅಂಟು ಬಿಟ್ಟಿತ್ತು. ಚಾಕುವಿನಿಂದ ತೇಪೆ ಎಬ್ಬಿಸಿದೆ. ಕೆಳಗಿನ ಕೋಟು ಅಷ್ಟಗಲವೂ ದಪ್ಪ, ನುಣುಪು, ಮೇಲುಮೈಯಲ್ಲಿ ಎಷ್ಟು ದಪ್ಪವಿತ್ತೋ ಅಷ್ಟೇ. ಬಳಿಯುವಾಗ ಬಿಟ್ಟ ಸೂಟಿಯೇ ಇಲ್ಲ. ಆ ನುಣುಪಿನ ನಡುವೆ ಮಾತ್ರ ಮರದ ದಿಮ್ಮಿಯ ಎಳೆಎಳೆ ಗೆರೆಗಳು ಅಚ್ಚೊತ್ತಿದ್ದವು. ಗೆರೆಗಳ ಮಧ್ಯೆ ಕಡಲೆಕಾಳಿನಷ್ಟು ಗರಸಿನ ಕಲ್ಲೊಂದು, ಡಾಂಬರನ್ನು ತೂತು ಮಾಡಿಕೊಂಡು ಕಬ್ಬಿಣದವರೆಗೆ ಹೋಗಿ ಕೂತಿತ್ತು. ಕಲ್ಲು ಕಿತ್ತಾಗ ಕಬ್ಬಿಣದಲ್ಲಿ ಹೆಸರುಕಾಳು ಕೂರುವಷ್ಟು ಗುಳಿ.

ಮಲಗಿದಲ್ಲೇ ನನಗೆ ಎಲ್ಲವೂ ಅರ್ಥವಾಯಿತು. ಕಾಕಾ ಸಂಜೆ ಕೋಟು ಮುಗಿಸಿ, ಕನ್ನಡಿಯಲ್ಲಿ ನೋಡಿ, ಕಡಾಯಿ ತಳ್ಳಿಕೊಂಡು ಹೋಗುತ್ತಿದ್ದರು. ಆಮೇಲೆ ಎತ್ತುವ ಗ್ಯಾಂಗಿನವರು ಸರಪಳಿ ಬಿಚ್ಚಿಕೊಳ್ಳಲು ಪೈಪನ್ನು ಮರದ ದಿಮ್ಮಿಗಳ ಮೇಲೆ ಇಳಿಸುತ್ತಿದ್ದರು. ಗುಡ್ಡದ ಗರಸಿನ ಮೇಲೆ ಎಳೆದು ತಂದ, ಕಲ್ಲು ಕಚ್ಚಿಕೊಂಡ ದಿಮ್ಮಿಗಳು ಅವು. ಇನ್ನೂ ಮೆತ್ತಗಿದ್ದ ಡಾಂಬರಿಗೆ ಕಲ್ಲು ಒತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ನಾನು ಬರುವ ಮೊದಲು, ನನ್ನ ಬಳೆ ಉರುಳಲೆಂದು, ಪೈಪನ್ನು ಮತ್ತೆ ಎತ್ತಿ ಹಿಡಿದಿರುತ್ತಿದ್ದರು. ಉಪ್ಪಿನ ಗದ್ದೆಯ ಕೆಸರಿನಲ್ಲಿ ದಿಮ್ಮಿ ಹೂತುಹೋಗುತ್ತದೆಂದು ಮರಳು ತುಂಬಿದ ಗೋಣಿಚೀಲಗಳನ್ನು ಇಟ್ಟರು. ಗಂಟೆ ನಿಂತದ್ದು ಅದಕ್ಕೆ. ಕಾಕಾ ಹೋದದ್ದಕ್ಕಲ್ಲ.

ಇನ್ನೆರಡು ಜಾಯಿಂಟು ಅಗೆಸಿದೆ. ಅವೂ ಹಾಗೆಯೇ. ಅಂದು ಒಂದು ಸಲ, ಒಂದೇ ಸಲ ಕೈ ಹಾಕಿದ್ದರೆ ಬೆರಳಿಗೆ ಕಲ್ಲು ತಾಗುತ್ತಿತ್ತು. ಗುಂಡಿಯಿಂದ ಮೇಲೆ ಬಂದು, ಅಗೆಯುವವರಿಗೆ ಕಾಣದಂತೆ ಮುಖ ತಿರುಗಿಸಿಕೊಂಡು ಅತ್ತೆ. ಅಂಗಿಯೆಲ್ಲ ಡಾಂಬರಾಗಿತ್ತು. ವರದಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ, ಮಿಸ್ತ್ರಿಯ ಕಣ್ಣಿನ ಬಗ್ಗೆ ಹಿಂದೆ ಬರೆದದ್ದು ನನ್ನ ತಪ್ಪೆಂದೂ ಬರೆದೆ. ಹೊಸ ಸಾಹೇಬರು ಓದಿ, ಹಳೆಯ ಮಾತು ಯಾಕೆ ಎಂದು ಆ ಸಾಲಿನ ಮೇಲೆ ಗೆರೆ ಎಳೆದರು. ಆದರೆ ರಿಪೇರಿಯ ಗ್ಯಾಂಗಿಗೆ ಜಾಯಿಂಟಿನ ಮಿಸ್ತ್ರಿ ಬೇಕಿತ್ತು. ಅವರನ್ನೇ ಕರೆತರುತ್ತೇನೆ ಎಂದಾಗ ಒಪ್ಪಿದರು.

ಹಳೆಯ ಸಹಾಯಕನನ್ನು ಹುಡುಕಿ ಕೇಳಿದೆ. ಕಾಕಾ ಊರಿಗೆ ಹೋಗಿರಲಿಲ್ಲ, ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿದ್ದರು. ಭಾನುವಾರ ಮಧ್ಯಾಹ್ನ ಆ ಕಲ್ಲನ್ನು ಕಾಗದದಲ್ಲಿ ಸುತ್ತಿ, ಕನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಗಲ್ಲಾದಲ್ಲಿದ್ದ ಯಜಮಾನರು ಅವರ ಊರಿನವರೇ, ಒಳ್ಳೆಯ ಮನುಷ್ಯ.

“ಆ ಮುದುಕರಾ? ಹಿಂದೆ ಇದ್ದಾರೆ ನೋಡಿ. ಅವರು ಬಂದ ದಿನವೇ ನಾನು ಕಾವಲಿ ಹತ್ರ ನಿಲ್ಲಿ, ದೋಸೆ ಹೊಯ್ಯಿ ಅಂತ ಹೇಳಿದ್ದು. ಅವರಿಗೆ ಕಣ್ಣು ಕಾಣುದಿಲ್ಲ ಅಂತೆ. ಯಾರನ್ನಾದ್ರೂ ಸುಟ್ಟುಬಿಟ್ಟೇನು ಅಂತ ಒಲೆ ಹತ್ರವೇ ಬರುದಿಲ್ಲ. ಯಾವುದೋ ಕಂಪೆನಿಯಲ್ಲಿ ಮಿಶನು ಇಟ್ಟು ಪರೀಕ್ಷೆ ಮಾಡಿದ್ದಾರಂತೆ.”

ಹಿಂದಿನ ಅಂಗಳದಲ್ಲಿ ಅವರು ಗೋಡೆಗೊರಗಿ ಕೂತಿದ್ದರು. ಮುಂದೆ ಮೊರದಲ್ಲಿ ಅಕ್ಕಿ. ಕಣ್ಣು ಮುಚ್ಚಿಕೊಂಡು, ಬೆರಳುಗಳಿಂದ ತಡವಿ, ಕಲ್ಲು ಆರಿಸುತ್ತಿದ್ದರು. ಆರಿಸಿದ ಕಲ್ಲುಗಳ ಸಣ್ಣ ಗುಡ್ಡೆ ಪಕ್ಕದಲ್ಲಿತ್ತು. ಬಿಸಿಲು ಅವರ ಮುಖಕ್ಕೆ ಬಿದ್ದಿತ್ತು.

“ಕಾಕಾ” ಎಂದೆ.

ಕಣ್ಣು ತೆರೆದರು. ನನ್ನನ್ನು ಥಟ್ಟನೆ ಗುರುತು ಹಿಡಿದರು. “ಬಾಲ ಎಲ್ಲಿ ಹೋಯ್ತು ಮಾಷ್ಟ್ರೆ?” ಎಂದು ನಕ್ಕರು. ಆ ಕಣ್ಣುಗಳಲ್ಲಿ ಪೊರೆಯಿಲ್ಲ, ಏನೂ ಇಲ್ಲ. ಹದಿನೈದು ಹೆಜ್ಜೆಯಾಚೆ ನಿಂತವನನ್ನು ಮೂರು ವರ್ಷದ ಮೇಲೆ ಗುರುತು ಹಿಡಿದ ಕಣ್ಣು.

ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ದಿಮ್ಮಿ, ಗರಸು, ಮೆತ್ತಗಿನ ಡಾಂಬರು. ನಿಮ್ಮ ಕೋಟು ಎಲ್ಲ ಕಡೆಯೂ ಸರಿ ಇತ್ತು, ತಪ್ಪು ನಂದು ಎಂದೆ. ಕಲ್ಲನ್ನು ಅವರ ಅಂಗೈಯಲ್ಲಿಟ್ಟೆ. ಅವರು ನೋಡಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅದನ್ನು ಹೊರಳಿಸಿದರು. ಒಂದು ಮಗ್ಗುಲಿಗೆ ಇನ್ನೂ ಡಾಂಬರು ಹತ್ತಿಕೊಂಡಿತ್ತು.

“ಆ ದಿನ ನೀವು ಕೈ ಹಾಕಿ ನೋಡಿದ್ದೆ ಅಂತ ಹೇಳಿದ್ರಿ” ಎಂದರು.

“ಹಾಕಿರ್ಲಿಲ್ರಿ ಕಾಕಾ.”

ಅವರು ಕಲ್ಲನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಒಳಗಿನಿಂದ ಯಾರೋ ಅಕ್ಕಿ ಆಯಿತೇ ಎಂದು ಕೂಗಿದರು. ಇನ್ನು ಸ್ವಲ್ಪ ಉಂಟು ಎಂದು ಇವರು ಕೂಗಿದರು.

“ಹಾಗಾದ್ರೆ ಆಗ ನನಗೆ ಕಾಣ್ತಾ ಇತ್ತು.”

“ಕಾಣತಿತ್ತರಿ. ಈಗ್ಲೂ ಕಾಣತದ. ಕಣ್ಣ ಬಿಟ್ಟು ನೋಡ್ರಿ. ಗ್ಯಾಂಗಿನ್ಯಾಗ ಮಿಸ್ತ್ರಿ ಜಾಗಾ ಖಾಲಿ ಅದ, ನಾಳೆನೇ ಬರ್ರಿ. ಕನ್ನಡೀನೂ ತಂದೀನಿ.”

ಕನ್ನಡಿಯನ್ನು ಅವರ ಮುಂದೆ ಹಿಡಿದೆ. ಕಣ್ಣು ತೆರೆದು ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ಹಿಂದಿನ ಗೋಡೆ, ಗೋಡೆಯ ಮೇಲೆ ಒಣಹಾಕಿದ್ದ ಪಂಚೆ, ಎಲ್ಲವೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನೋಡಿ, ನಿಧಾನಕ್ಕೆ ಕನ್ನಡಿಯನ್ನು ನನ್ನ ಕಡೆಗೇ ತಿರುಗಿಸಿದರು.

“ಕಾಣ್ತದೆ ಮಾಷ್ಟ್ರೆ. ಎಲ್ಲ ಕಾಣ್ತದೆ. ಆದ್ರೆ ಕಂಡದ್ದನ್ನು ನಂಬ್ಲಿಕ್ಕೆ ಆಗುದಿಲ್ಲ.”

ನಾನು ಇನ್ನೂ ಏನೇನೋ ಹೇಳಿದೆ. ನನಗೇ ಅರ್ಥವಾಗದಂತೆ ಏನೋ ಬಡಬಡಿಸಿದೆ. ಅವರು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, ಚಾ ಕುಡಿದು ಹೋಗಿ ಎಂದರು. ಕಣ್ಣು ಮುಚ್ಚಿದರು. ಅಂಗೈಯಲ್ಲಿ ಇನ್ನೂ ಇದ್ದ ಆ ಗರಸಿನ ಕಲ್ಲು ಬೆರಳಿಗೆ ತಾಗಿತು. ಅಭ್ಯಾಸಬಲದಿಂದ ಅದನ್ನು ಎತ್ತಿ, ಅಕ್ಕಿಯಿಂದ ಆರಿಸಿದ ಕಲ್ಲುಗಳ ಗುಡ್ಡೆಯ ಮೇಲೆ ಹಾಕಿದರು. ಅದನ್ನು ಮತ್ತೆ ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ.